ಇಸ್ತ್ರಿ ಹಾಕಿದ ವಾಕ್ಯ

ಬಿದ್ದರು ಅಂದರಾ, ಹೌದು, ಬಿದ್ದರು ಅಂತಲೇ ಅಂದರು, ಎ.ಸಿ. ಗಾಳಿ ನೇರ ಕತ್ತಿಗೇ ಬಡಿಯುತ್ತಿದೆ, ಶಾಲು ಎಳೆದುಕೊಳ್ಳಲು ಹೋದ ಕೈ ಅರ್ಧದಲ್ಲೇ ನಿಂತುಬಿಟ್ಟಿದೆ, ಒಂದು ನಿಮಿಷದ ಹಿಂದೆ ಆರಾಮಾಗಿ ತೂಕಡಿಸುತ್ತಿದ್ದೆ, ಡಾಕ್ಟರ ಭಾಷಣ ನನಗೆ ಬಾಯಿಪಾಠವಲ್ಲವೇ, ಎಲ್ಲಿ ನೀರು ಕುಡಿಯುತ್ತಾರೆ, ಎಲ್ಲಿ ಜೋಕು ಹೇಳಿ ತಾವೇ ಮೊದಲು ನಗುತ್ತಾರೆ, ಎಲ್ಲ ಗೊತ್ತು, ಹನ್ನೊಂದು ವರ್ಷದಿಂದ ಅವರು ಆಡಿದ್ದನ್ನೆಲ್ಲ ಲೇಖನ ಮಾಡಿ ಕೊಡುವವಳು ನಾನು, ಈ ಮಂಡಿನೋವಿನ ಮಾತ್ರೆಯ ಲೇಖನವೂ ನನ್ನ ಕೈಯಲ್ಲೇ ಆದದ್ದು, ಆದರೆ ಇದು, ಈ ಬೀಳುವುದು, ಇದೆಲ್ಲಿಂದ ಬಂತು — ನಮ್ಮ ಪ್ರಯೋಗದಲ್ಲಿ ಮೂವರು ಬಿದ್ದರು ಅನ್ನುತ್ತಿದ್ದಾರೆ ಡಾಕ್ಟರು ಮೈಕಿನಲ್ಲಿ, ತಮ್ಮ ಎಂದಿನ ಓಡುವ ಇಂಗ್ಲಿಷಿನಲ್ಲಿ, ಮೂವರೂ ಎಂಟನೇ ವಾರದ ಆಸುಪಾಸಿನಲ್ಲಿ ಬಿದ್ದರು, ಮೊದಲು ನಾಲ್ಕೈದು ದಿನ ಒಂದು ಕೈ ಜೋಮು ಹಿಡಿದಂತಾಯಿತು, ಆಮೇಲೆ ಬಿದ್ದರು, ಮಾತ್ರೆಯಿಂದಲೇ ಅಂತ ನನಗನ್ನಿಸುತ್ತದೆ, ಸಾಬೀತು ಮಾಡಲಾರೆ, ಆದರೆ ಅನ್ನಿಸುತ್ತದೆ, ಇದನ್ನೆಲ್ಲ ನಮ್ಮ ಲೇಖನದಲ್ಲಿ ಬರೆದಿದ್ದೇವೆ, ನೀವೆಲ್ಲ ಓದಿರುತ್ತೀರಿ. ಬರೆದಿದ್ದೇವೆ? ಎಲ್ಲಿ ಬರೆದಿದ್ದೇವೆ? ಲೇಖನದಲ್ಲಿ ಇರುವುದು ಒಂದೇ ಒಂದು ವಾಕ್ಯ, ಕಣ್ಣು ಮುಚ್ಚಿ ಹೇಳಬಲ್ಲೆ, ಭಾಗವಹಿಸಿದವರಲ್ಲಿ ಮೂವರು ಅಧ್ಯಯನಕ್ಕೆ ಸಂಬಂಧಿಸದ ಕಾರಣಗಳಿಂದ ಹಿಂದೆ ಸರಿದರು. ಏಳನೇ ಪುಟ, ಎರಡನೇ ಪ್ಯಾರಾದ ಕೊನೆ. ಆ ವಾಕ್ಯ ನನ್ನದು.

ಇಲ್ಲ, ತಡಿ, ನಿಧಾನ, ಪಕ್ಕದಲ್ಲಿ ಕುಳಿತವರು ನೋಡುತ್ತಿದ್ದಾರೆ, ಪೆನ್ನು ಬಿತ್ತೆಂದು ಎತ್ತಿ ಕೊಡುತ್ತಿದ್ದಾರೆ, ಥ್ಯಾಂಕ್ಸ್ ಅಂದೆನೋ ಇಲ್ಲವೋ, ಇಸ್ತ್ರಿ ಮೇಡಂ ಅಂತ ಕರೆಯುತ್ತದೆ ನನ್ನನ್ನು ಇಡೀ ಸಂಸ್ಥೆ, ಫೋಟೋಕಾಪಿ ಯಂತ್ರದ ಪಕ್ಕದ ಕೋಣೆಯಲ್ಲಿ ಕೂತು ವಿಜ್ಞಾನಿಗಳ ಸುಕ್ಕು ಮಾತಿಗೆ ಇಸ್ತ್ರಿ ಹಾಕುವವಳು, ಮೇಡಂ ನನ್ನದೊಂದು ಪ್ಯಾರಾ ಇದೆ ಸ್ವಲ್ಪ ಬಿಸಿ ಮುಟ್ಟಿಸಿ ಎಂದು ಬರುತ್ತಾರೆ, ನಾನೂ ನಗುತ್ತೇನೆ, ಹೆಮ್ಮೆಯೇ ಇತ್ತು ಆ ಹೆಸರಿನ ಮೇಲೆ, ಯಾಕಿರಬಾರದು, ಇವರೆಲ್ಲ ಬಾಯಿ ತೆರೆದರೆ ಮನುಷ್ಯರು, ಪೆನ್ನು ಹಿಡಿದರೆ ಕಲ್ಲು, ಅದರಲ್ಲೂ ನಮ್ಮ ಡಾಕ್ಟರು, ಮಾತಿಗೆ ನಿಂತರೆ ಅರ್ಧ ವಿರಾಮವೂ ಇಲ್ಲ, ಸೋ ನಾನೇನು ಮಾಡಿದೆ ಅಂದರೆ, ಐ ಥಿಂಕ್, ಆಮೇಲೆ ಏನಾಯ್ತು ಗೊತ್ತಾ, ಆ ಹುಡುಗಿ ಓಡಿ ಬಂದಳು, ನಾವು ನೋಡಿದೆವು, ಛೆ ತಪ್ಪಾಯ್ತು ಅಂದುಕೊಂಡೆವು, ಮತ್ತೆ ಮಾಡಿದೆವು — ಒಂದು ರೆಕಾರ್ಡಿಂಗಿನಲ್ಲಿ ನೂರಾ ಹನ್ನೆರಡು ಐ ಥಿಂಕ್ ಎಣಿಸಿದ್ದೆ, ಒಂದನ್ನೂ ಬಿಡದೆ ಕಿತ್ತು ಹಾಕಿದ್ದೆ, ಕಳೆ ಕೀಳುವಷ್ಟೇ ಖುಷಿ ಅದು. ಮಾತಿನಲ್ಲಿ ಜನ ಓಡಾಡುತ್ತಾರೆ, ಬರಹದಲ್ಲಿ ಜನ ಇರಬಾರದು, ನಾನು ನೋಡಿದೆ ಅನ್ನುವುದು ಕಂಡುಬಂದಿತು ಆಗಬೇಕು, ಆಕೆ ಓಡಿ ಬಂದಳು ಅನ್ನುವುದು ಮಾಯವೇ ಆಗಬೇಕು, ತಪ್ಪಾಯ್ತು ಮತ್ತೆ ಮಾಡಿದೆವು ಅನ್ನುವುದು ವಿಧಾನದ ಪರಿಷ್ಕರಣೆ ಆಗಬೇಕು, ಮೂರು ಸಾಲು ಹೋಗಿ ಮೂರು ಪದ, ನಾನೇ ಹೊಸಬರಿಗೆ ಪಾಠ ಮಾಡಿದ್ದೇನೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಅಂಥದ್ದು ವೈಜ್ಞಾನಿಕ ವಾಕ್ಯ ಅಂದರೆ, ಎಲ್ಲರೂ ನಕ್ಕಿದ್ದರು. ಒಂದು ನೋಟ್‌ಬುಕ್ ಇಟ್ಟಿದ್ದೇನೆ, ನೀಲಿ ರಟ್ಟಿನದು, ಸಿದ್ಧ ವಾಕ್ಯಗಳು, ಬೇರೆ ಬೇರೆ ಒಳ್ಳೆಯ ಲೇಖನಗಳಿಂದ ಆರಿಸಿ ಬರೆದುಕೊಂಡದ್ದು, ಯಾವ ಸಂದರ್ಭಕ್ಕೆ ಯಾವುದು ಎಂದು ಗುರುತು ಹಾಕಿ, ಮಧ್ಯದಲ್ಲಿ ಬಿಟ್ಟುಹೋದವರ ಬಗ್ಗೆ ಮೂರು ಮಾದರಿ ಇವೆ, ಅದರಲ್ಲಿ ಎರಡನೆಯದು ಎಲ್ಲಕ್ಕಿಂತ ಚಿಕ್ಕದು.

ಅವತ್ತು, ಅವತ್ತು ಏನಾಯಿತು, ನೆನಪು ಮಾಡಿಕೋ, ಎರಡು ವರ್ಷದ ಹಿಂದೆ, ಮಧ್ಯಾಹ್ನ, ಪತ್ರಿಕೆಗೆ ಕಳಿಸಲು ಕೊನೆಯ ದಿನ, ಡಾಕ್ಟರು ವಿಮಾನದಲ್ಲಿ, ನನ್ನ ಕಿವಿಯಲ್ಲಿ ಅವರ ಧ್ವನಿ, ನಲವತ್ತೇಳು ನಿಮಿಷದ ರೆಕಾರ್ಡಿಂಗ್, ಲೇಖನ ಇನ್ನೂರು ಪದ ಜಾಸ್ತಿ ಆಗಿದೆ, ಎಲ್ಲೆಲ್ಲಿ ಕತ್ತರಿಸಲಿ ಎಂದು ನೋಡುತ್ತಿದ್ದೇನೆ, ಆಗ ಆ ಧ್ವನಿ ಹೇಳುತ್ತದೆ, ಮೂವರು ಬಿಟ್ಟರು ಕಣಮ್ಮಾ, ಪಾಪ, ಮಾತ್ರೆಯಿಂದಲೋ ಏನೋ, ನನಗೇನೋ ಹಾಗೇ ಅನ್ನಿಸುತ್ತೆ, ಏನಾಯ್ತು ಅಂದ್ರೆ ನೋಡಿ ಹೀಗಾಯ್ತು, ಹೀಗೆ. ಹೀಗೆ ಅಂದಮೇಲೆ ಟೇಪಿನಲ್ಲಿ ಏನೂ ಇಲ್ಲ. ಎರಡು ಸೆಕೆಂಡು ಖಾಲಿ, ಫ್ಯಾನಿನ ಸದ್ದು, ಅಷ್ಟೇ, ಆಮೇಲೆ ಅರ್ಥ ಆಯ್ತಲ್ಲ, ಹಾಗೆ, ಮುಂದಿನ ಟೇಬಲ್ಲಿಗೆ ಬರೋಣ ಅನ್ನುತ್ತದೆ ಧ್ವನಿ. ಅರ್ಥ ಆಗಲಿಲ್ಲ ಡಾಕ್ಟರೇ. ಹೀಗೆ ಅಂದರೆ ಹೇಗೆ ಎಂದು ಫೋನು ಮಾಡಿ ಕೇಳೋಣ ಅಂದುಕೊಂಡೆ, ಅವರು ಆಕಾಶದಲ್ಲಿ, ಸರಿ, ಆಮೇಲೆ ಕೇಳಿ ತಿದ್ದಿದರಾಯಿತು ಎಂದು ನೀಲಿ ನೋಟ್‌ಬುಕ್ಕಿನಿಂದ ಎರಡನೇ ಮಾದರಿಯನ್ನು ತೆಗೆದು ಅಲ್ಲಿ ಕೂರಿಸಿದೆ, ಜಾಗಕ್ಕೆ ಸರಿಯಾಗಿ ಕೂತಿತು, ಎಷ್ಟು ಸರಿಯಾಗಿ ಕೂತಿತು ಅಂದರೆ ತಿದ್ದಬೇಕೆಂಬುದೇ ಮರೆತುಹೋಯಿತು. ಸಾಯಂಕಾಲ ಅವರಿಗೆ ಕಳಿಸಿದೆ, ನೋಡಿ ಡಾಕ್ಟರೇ ಅಂದೆ, ವಿಮಾನ ನಿಲ್ದಾಣದಿಂದ ಒಂದು ಸಾಲು ಉತ್ತರ, ಫಸ್ಟ್ ಕ್ಲಾಸ್ ಇಸ್ತ್ರಿಯಮ್ಮಾ, ಕಳಿಸಿಬಿಡಿ. ಲೇಖನದಲ್ಲಿ ಹೆಸರಿದ್ದ ಉಳಿದ ಐವರೂ ಸಹಿ ಮಾಡಿದರು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ, ಯಾರೂ ಓದಲಿಲ್ಲ, ತಮ್ಮದೇ ಲೇಖನವನ್ನು ಯಾರು ಓದುತ್ತಾರೆ, ಡಾಕ್ಟರಂತೂ ಓದುವುದೇ ಇಲ್ಲ, ಬಾಯಲ್ಲಿ ಹೇಳಿದ್ದೆಲ್ಲ ಕಾಗದದ ಮೇಲೆ ಹೋಗಿದೆ ಎಂದೇ ಅವರ ನಂಬಿಕೆ, ನನಗೆ ಹೇಳಿದರೆ ಬರೆದಂತೆಯೇ, ಹನ್ನೊಂದು ವರ್ಷದ ನಂಬಿಕೆ, ಎರಡು ವರ್ಷದಿಂದ ಊರೂರಲ್ಲಿ ನಿಂತು ಬಾಯಿಮಾತಿನಲ್ಲಿ ನಿಜ ಹೇಳುತ್ತಿದ್ದಾರೆ, ಕೇಳಿದವರು ಇನ್ನೂರೋ ಮುನ್ನೂರೋ, ಕಾಗದವನ್ನು ಓದಿದವರು ಎಷ್ಟು ಸಾವಿರ. ನಾನು ಒಂದು ದಿನವೂ ಅವರ ಭಾಷಣಕ್ಕೆ ಪೂರ್ತಿ ಕಿವಿ ಕೊಟ್ಟವಳಲ್ಲ.

ಅಕ್ಕ. ಅಯ್ಯೋ ಅಕ್ಕ. ಇಷ್ಟು ಹೊತ್ತು ಲೇಖನ, ವಾಕ್ಯ, ನನ್ನ ಮಾನ ಎಂದೆಲ್ಲ ಸುತ್ತುತ್ತಿದ್ದೇನಲ್ಲ, ಅಕ್ಕನ ಹತ್ತಿರ ಹೋಗಲು ಹೆದರಿ ಸುತ್ತುತ್ತಿದ್ದೆ, ಈ ಮಾತ್ರೆ ನುಂಗುತ್ತಾ ಇದು ಅವಳ ಎಂಟನೇ ವಾರ. ಬೋರ್ಡು ಬರೆಯುವವಳು ನನ್ನ ಅಕ್ಕ, ಅಂಗಡಿ ಬೋರ್ಡು, ಪ್ರಿಂಟು ಹಾಕಿದ್ದಕ್ಕಿಂತ ಕೈಯಲ್ಲಿ ಬರೆದದ್ದೇ ಬೇಕು ಎನ್ನುವವರು ಇನ್ನೂ ಇದ್ದಾರೆ, ಮೂವತ್ತು ವರ್ಷ ಏಣಿಯ ಮೇಲೆ ನಿಂತು ನಿಂತು ಮಂಡಿ ಸವೆದುಹೋಗಿದೆ, ಅವಳ ಡಾಕ್ಟರು, ಬೀದಿ ಕೊನೆಯ ಕ್ಲಿನಿಕ್ಕಿನವರು, ಪಾಪ ಹಿಂದೆಮುಂದೆ ನೋಡಿದ್ದರು, ಈ ಮಾತ್ರೆ ಬೇರೆ ಕಾಯಿಲೆಗೆ ಇದ್ದದ್ದು, ಮಂಡಿಗೂ ಆಗುತ್ತದೆ ಅಂತ ಈಚೆಗೆ ಒಂದು ಲೇಖನ ಬಂದಿದೆ, ನೋಡೋಣ, ಯೋಚನೆ ಮಾಡಿ ಅಂದಿದ್ದರಂತೆ. ಅಕ್ಕ ಫೋನು ಮಾಡಿದಳು, ಏನೇ ಪುಟ್ಟಿ ಮಾಡ್ಲಿ, ತಗೊಳ್ಲಾ, ಏನೂ ಆಗಲ್ವಾ? ನಾನು ಎಷ್ಟು ನಕ್ಕೆ, ಅಕ್ಕಾ ಆ ಲೇಖನ ಬರೆದದ್ದೇ ನಾನು ಕಣೇ, ಕಣ್ಣು ಮುಚ್ಕೊಂಡು ತಗೋ, ಅಂದೆ, ಅವಳ ಮನೆಗೇ ಹೋಗಿ, ಬಣ್ಣದ ಡಬ್ಬಿಗಳ ನಡುವೆ ಕೂತು, ಏಳನೇ ಪುಟ ತೆಗೆದು ಕನ್ನಡದಲ್ಲಿ ಓದಿ ಹೇಳಿದೆ, ಮೂರು ಜನ ಮಾತ್ರ ಬಿಟ್ಟಿದ್ದು, ಅದೂ ಬೇರೆ ಕಾರಣಕ್ಕೆ, ಮಾತ್ರೆಗೂ ಅದಕ್ಕೂ ಸಂಬಂಧ ಇಲ್ವಂತೆ. ಇಲ್ವಂತೆ ಅಂದೆನಲ್ಲ, ಅಂತೆ, ಯಾರೋ ಹೇಳಿದ ಹಾಗೆ, ಹೇಳಿದ್ದು ಯಾರು? ಅಕ್ಕ ಕೈ ಒರೆಸಿಕೊಂಡು ಆ ಪುಟವನ್ನು ಮುಟ್ಟಿ ನೋಡಿದ್ದಳು, ಇದನ್ನೆಲ್ಲ ನೀನೇ ಬರೆದ್ಯಾ, ಎಷ್ಟು ಚೆನ್ನಾಗಿದೆ, ಒಂದು ಅಕ್ಷರ ಆಚೆ ಈಚೆ ಇಲ್ಲ, ನಮ್ಮಪ್ಪ ಇದ್ದಿದ್ರೆ ನೋಡ್ತಿದ್ರು ಅಂದಿದ್ದಳು. ಇವತ್ತು ಬೆಳಿಗ್ಗೆ ಮತ್ತೆ ಫೋನು, ನಾನು ಬಸ್ಸು ಹತ್ತುತ್ತಿದ್ದೆ, ಪುಟ್ಟೀ ಮೂರು ದಿನದಿಂದ ಎಡಗೈ ಜೋಮು ಕಣೇ, ಬಣ್ಣದ ಡಬ್ಬಿ ಎರಡು ಸಲ ಜಾರಿಬಿಡ್ತು, ನಾನಂದೆ ಅಕ್ಕಾ ವಯಸ್ಸಾಗ್ಲಿಲ್ವಾ ನಿಂಗೆ, ಎಡಗಡೆ ಮಲಗಿರ್ತೀಯ ಅಷ್ಟೇ, ಸಂಜೆ ಬರ್ತೀನಿ ಎಣ್ಣೆ ಹಚ್ತೀನಿ ಬಿಡು, ಅವಳು ನಕ್ಕಳು, ಸರಿ ಹಾಗಾದ್ರೆ, ಇವತ್ತು ದೊಡ್ಡ ಬೋರ್ಡು ಇದೆ, ಚಪ್ಪಲಿ ಅಂಗಡಿ, ಮೂರನೇ ಮಹಡಿ ಎತ್ತರ, ಮಧ್ಯಾಹ್ನದೊಳಗೆ ಮುಗಿಸ್ತೀನಿ. ಈಗ ಗಂಟೆ ಹನ್ನೊಂದೂ ಇಪ್ಪತ್ತು.

ಫೋನು, ಫೋನೆಲ್ಲಿ, ಚೀಲದ ತಳದಲ್ಲಿ, ಕನ್ನಡಕದ ಡಬ್ಬಿ, ಬಾಚಣಿಗೆ, ಬಸ್ ಟಿಕೆಟ್ಟು, ಹಾಳಾದ್ದು, ಸಿಕ್ಕಿತು, ಕುರ್ಚಿಯ ಕೆಳಗೆ ಬಗ್ಗಿ ಒತ್ತುತ್ತೇನೆ, ರಿಂಗಾಗುತ್ತಿದೆ, ರಿಂಗಾಗುತ್ತಲೇ ಇದೆ, ತೆಗೆಯುವುದಿಲ್ಲ, ಅವಳು ಕೆಲಸದಲ್ಲಿದ್ದರೆ ತೆಗೆಯುವುದಿಲ್ಲ, ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಾಳೆ, ಒಂದು ಅಕ್ಷರ ಶುರು ಮಾಡಿದರೆ ಮುಗಿಸುವ ತನಕ ಬ್ರಷ್ಷು ಎತ್ತುವುದಿಲ್ಲ, ಇನ್ನೊಮ್ಮೆ, ಇನ್ನೊಮ್ಮೆ, ಯಾವ ಚಪ್ಪಲಿ ಅಂಗಡಿ, ಯಾವ ಬೀದಿ, ಕೇಳಲಿಲ್ಲವಲ್ಲ, ಕೇಳುವ ಅಭ್ಯಾಸವೇ ಇಲ್ಲವಲ್ಲ ನನಗೆ. ಮೆಸೇಜು ಮಾಡುತ್ತೇನೆ, ಬರೆದದ್ದನ್ನು ನೋಡುತ್ತೇನೆ, ಮಾತ್ರೆಯ ಸೇವನೆಯನ್ನು ಸದ್ಯಕ್ಕೆ ನಿಲ್ಲಿಸುವುದು ಸೂಕ್ತವೆಂದು ತಿಳಿದುಬಂದಿರುವುದರಿಂದ — ಥೂ, ನಿನ್ನ ಮುಖಕ್ಕೆ ಬೆಂಕಿ ಹಾಕ, ಯಾರಿಗೆ ಬರೆಯುತ್ತಿದ್ದೀಯ, ಯಾರಿಗೆ ತಿಳಿದುಬಂತು, ಅಳಿಸು, ಅಕ್ಕಾ ಕೆಳಗಿಳಿ, ಅಷ್ಟೇ ಬರಿ, ಅಕ್ಕಾ ಕೆಳಗಿಳಿ ಈಗಲೇ ಇಳಿ ಮಾತ್ರೆ ಸರಿಯಿಲ್ಲ ನಾನು ತಪ್ಪು ಹೇಳಿದೆ. ಹೋಯಿತು. ಓದಿಲ್ಲ. ಓದಿಲ್ಲ. ಓದಿಲ್ಲ. ಎದ್ದು ಓಡಬೇಕು, ಸಾಲಿನ ಮಧ್ಯದಲ್ಲಿ ಕೂತಿದ್ದೇನೆ, ಆ ಕಡೆ ಒಂಬತ್ತು ಜೋಡಿ ಮಂಡಿ, ಈ ಕಡೆ ಎಂಟು, ಚಪ್ಪಾಳೆ ಹೊಡೆಯುತ್ತಿದ್ದಾರೆ, ಭಾಷಣ ಮುಗಿಯಿತೇ, ಕ್ಷಮಿಸಿ, ಸ್ವಲ್ಪ ದಾರಿ, ಹೆಬ್ಬೆರಳು ಅಕ್ಕನ ನಂಬರು ಒತ್ತುತ್ತಲೇ ಇದೆ, ಕ್ಷಮಿಸಿ ಅನ್ನುತ್ತಿದ್ದೇನೆ, ಯಾರಿಗೂ ಕೇಳುತ್ತಿಲ್ಲ.

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದಿದ್ದಾರೆ ಮೈಕು ಹಿಡಿದು, ಬಿಳಿ ಕೂದಲು, ಯಾವುದೋ ಆಸ್ಪತ್ರೆಯವರಿರಬೇಕು, ಇಂಗ್ಲಿಷು ನಿಧಾನ, ಪ್ರತಿ ಪದವೂ ಬೇರೆ ಬೇರೆ, ಡಾಕ್ಟರೇ, ನೀವು ಬಿದ್ದರು ಅಂದಿರಿ, ಹೇಗೆ ಬಿದ್ದರು, ಸ್ವಲ್ಪ ಬಿಡಿಸಿ ಹೇಳುತ್ತೀರಾ. ಡಾಕ್ಟರು ಪಟ್ಟನೆ ಉತ್ಸಾಹದಿಂದ ಮುಂದೆ ಬರುತ್ತಾರೆ, ಅವರಿಗೆ ಯಾವಾಗಲೂ ಪ್ರಶ್ನೆ ಇಷ್ಟ, ಒಬ್ಬಾಕೆ ನನ್ನ ಕಣ್ಣೆದುರಿಗೇ ಬಿದ್ದರು, ಆಸ್ಪತ್ರೆಯ ಮೆಟ್ಟಿಲಲ್ಲಿ, ಕಂಬಿ ಗಟ್ಟಿಯಾಗಿ ಹಿಡಿದಿದ್ದರು, ಕಾಲು ಜಾರಲಿಲ್ಲ, ತಲೆ ಸುತ್ತಲಿಲ್ಲ, ನನ್ನ ಜೊತೆ ಮಾತಾಡುತ್ತಲೇ ಇದ್ದರು, ಅವರಿಗೇ ಗೊತ್ತಾಗಲಿಲ್ಲ, ನೋಡಿ ಹೀಗಾಯ್ತು, ಹೀಗೆ — ಎಂದು ಕೈ ಮೇಲೆತ್ತಿ, ಇಲ್ಲದ ಕಂಬಿಯನ್ನು ಮುಷ್ಟಿಯಲ್ಲಿ ಹಿಡಿದು, ಬೆರಳುಗಳನ್ನು ಬಿಚ್ಚುತ್ತಾರೆ, ಕಿರುಬೆರಳು ಮೊದಲು, ಆಮೇಲೆ ಉಂಗುರದ್ದು, ಆಮೇಲೆ ನಡುವಿನದು, ಯಾವ ಅವಸರವೂ ಇಲ್ಲ, ನಿದ್ದೆ ಹೋದ ಮಗುವಿನ ಕೈ ಬಿಚ್ಚಿಕೊಂಡ ಹಾಗೆ. ಎರಡು ಸೆಕೆಂಡು. ನನ್ನ ಕಿವಿಯಲ್ಲಿ ಫ್ಯಾನಿನ ಸದ್ದು, ಅದು ಇದು, ಟೇಪಿನ ಆ ಖಾಲಿ ಇದು, ನಲವತ್ತೇಳು ನಿಮಿಷದಲ್ಲಿ ನಾನು ಏನೂ ಇಲ್ಲವೆಂದು ದಾಟಿಸಿದ ಜಾಗದಲ್ಲಿ ಈ ಕೈ ಇತ್ತು.

ಆದರೆ ಡಾಕ್ಟರೇ, ಬಿಳಿ ಕೂದಲಿನಾಕೆ ಕೂತಿಲ್ಲ, ಕೈಯಲ್ಲಿ ಕಾಗದ, ನಮ್ಮ ಕಾಗದ, ನಿಮ್ಮ ಲೇಖನದಲ್ಲಿ ಹೀಗಿಲ್ಲವಲ್ಲ, ನಾನು ಇದನ್ನು ನಂಬಿ ಮೂವತ್ತು ಜನಕ್ಕೆ ಈ ಮಾತ್ರೆ ಬರೆದುಕೊಟ್ಟಿದ್ದೇನೆ. ಇದೆ ಇದೆ ಎನ್ನುತ್ತಾರೆ ಡಾಕ್ಟರು, ನಗುತ್ತಾ, ಏಳನೇ ಪುಟದಲ್ಲಿ ಎಲ್ಲೋ ಇರಬೇಕು, ಇಲ್ಲ ನೀವೇ ನೋಡಿ ಎಂದು ಆಕೆ ಕೊಟ್ಟ ಕಾಗದ ಕೈಯಿಂದ ಕೈಗೆ ಮುಂದಕ್ಕೆ ಹೋಗುತ್ತಿದೆ, ನನ್ನ ಮುಂದೆಯೂ ಹಾದುಹೋಯಿತು, ತಡೆದು ಹಿಡಿದುಕೊಳ್ಳಬೇಕೆನ್ನಿಸಿತು, ಡಾಕ್ಟರು ಕನ್ನಡಕ ಹುಡುಕುತ್ತಾರೆ, ಹಾಕಿಕೊಳ್ಳುತ್ತಾರೆ, ತಮ್ಮ ಲೇಖನವನ್ನು ಜೀವಮಾನದಲ್ಲಿ ಮೊದಲ ಸಲ ಓದುತ್ತಿದ್ದಾರೆ, ತುಟಿ ಅಲುಗುತ್ತದೆ, ಸಂಬಂಧಿಸದ ಕಾರಣಗಳಿಂದ, ಇನ್ನೊಮ್ಮೆ, ಸಂಬಂಧಿಸದ, ಅವರ ಮುಖದಿಂದ ಬಣ್ಣ ಇಳಿಯುವುದು ಇಲ್ಲಿಂದಲೇ ಕಾಣುತ್ತಿದೆ. ಇದನ್ನು ನಾನು ಹೇಳಿಲ್ಲ ಅನ್ನುತ್ತಾರೆ, ಮೈಕಿಗೆ ಅಲ್ಲ, ತಮಗೇ, ಆದರೆ ಮೈಕು ಎಲ್ಲರಿಗೂ ಕೇಳಿಸುತ್ತದೆ. ಆಕೆ ಬಿಡುವುದಿಲ್ಲ, ನೀವು ಹೇಳದಿದ್ದರೆ ಇನ್ಯಾರು ಬರೆದದ್ದು ಡಾಕ್ಟರೇ, ನಿಮ್ಮ ಹೆಸರಿದೆಯಲ್ಲ. ಡಾಕ್ಟರು ಸಭೆಯನ್ನು ಹುಡುಕುತ್ತಿಲ್ಲ, ನಾನೆಲ್ಲಿ ಕೂರುತ್ತೇನೆಂದು ಅವರಿಗೆ ಗೊತ್ತು, ಆದರೂ ನೋಡುತ್ತಿಲ್ಲ ನನ್ನ ಕಡೆಗೆ, ನೆಲ ನೋಡುತ್ತಿದ್ದಾರೆ, ನನ್ನನ್ನು ಉಳಿಸುತ್ತಿದ್ದಾರೆ ದೊಡ್ಡ ಮನುಷ್ಯ, ಹೆಸರು ನನ್ನದು, ತಪ್ಪು ನನ್ನದು ಎಂದು ಶುರು ಮಾಡುತ್ತಿದ್ದಾರೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ಯಾರ ಗಂಟಲಿದು, ನಾನು ಬರೆದೆ ಅನ್ನುತ್ತಿರುವುದು ಯಾರು, ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ನಾನು ಎದ್ದು ನಿಂತಿದ್ದೇನೆ, ನಾನು ಬರೆದೆ, ಡಾಕ್ಟರು ನನಗೆ ಸರಿಯಾಗಿಯೇ ಹೇಳಿದ್ದರು, ನನಗೆ ಅರ್ಥವಾಗಲಿಲ್ಲ, ಕೇಳಲಿಲ್ಲ, ಸಿದ್ಧ ವಾಕ್ಯ ಹಾಕಿದೆ, ದಯವಿಟ್ಟು ಆ ಮೂವತ್ತು ಜನಕ್ಕೂ ಈಗಲೇ ಫೋನು ಮಾಡಿ. ಹದಿನೇಳು ಜೋಡಿ ಮಂಡಿಗಳು ತಾವಾಗಿಯೇ ಪಕ್ಕಕ್ಕೆ ಸರಿದವು. ಬಿಟ್ಟ ದಾರಿಯಲ್ಲಿ ಹೊರಡುತ್ತೇನೆ.

ಕೈಯಲ್ಲಿ ಏನೋ ನಡುಗುತ್ತಿದೆ, ನನ್ನ ಕೈಯೇ ಅಂದುಕೊಂಡೆ, ಫೋನು, ಅಕ್ಕ, ಅಕ್ಕನ ಹೆಸರು, ಅಬ್ಬಾ ಅಕ್ಕ, ಒತ್ತಿ ಕಿವಿಗೆ ಇಡುತ್ತೇನೆ, ಇಡೀ ಸಭೆ ನೋಡುತ್ತಿದೆ ನೋಡಲಿ, ಏನೇ ಪುಟ್ಟಿ ಅನ್ನುತ್ತಿದ್ದಾಳೆ, ಗಾಳಿಯ ಸದ್ದು, ಕೆಳಗೆಲ್ಲೋ ತುಂಬಾ ಕೆಳಗೆ ಹಾರ್ನು, ಒಂದೇ ಸಮ ಹೊಡ್ಕೊಳ್ತಿದೆಯಲ್ಲೇ ಫೋನು, ಹದಿನಾಲ್ಕು ಸಲ ಮಾಡಿದೀಯ, ಏನೋ ಆಗಿದೆ ಅಂತ ಎದೆ ಹೊಡ್ಕೊಳ್ತು ನಂಗೆ, ಬ್ರಷ್ಷು ಬಾಯಲ್ಲಿ ಕಚ್ಕೊಂಡು ತೆಗೆದೆ, ಈಗ ಏಪ್ರನ್ನಿಗೆ ಸಿಕ್ಕಿಸಿದೆ, ಬೇಗ ಹೇಳೇ, ಇನ್ನೂ ಮೇಲೇ ಇದೀನಿ, ಬಲಗೈಲಿ ಫೋನಿದೆ. ಬಲಗೈಯಲ್ಲಿ ಫೋನು. ಅಕ್ಕಾ ಅನ್ನುತ್ತೇನೆ, ಹೆದರಿಸಬಾರದು, ಹೆದರಿಸಿದರೆ ಅಲ್ಲೇ, ಹೆದರಿಸದಿದ್ದರೂ ಅಲ್ಲೇ, ಫೋನು ಬಿಡು ಅನ್ನಲೇ, ಬಲಗೈಯಲ್ಲಿ ಏಣಿ ಹಿಡಿ ಅನ್ನಲೇ, ಯಾವುದು ಮೊದಲು, ಯಾವ ಪದ ಮೊದಲು ಬರಬೇಕು, ಹೇಳೇ ಪುಟ್ಟೀ ಅನ್ನುತ್ತಿದ್ದಾಳೆ ಅಕ್ಕ, ನಗುತ್ತಿದ್ದಾಳೆ, ಮಾತಾಡುತ್ತಲೇ ಇದ್ದಾಳೆ, ಎಡಗೈಲಿ ಏಣಿ ಗಟ್ಟಿಯಾಗೇ ಹಿಡ್ಕೊಂಡಿದೀನಿ ಕಣೇ — ಕಿರುಬೆರಳು ಮೊದಲು, ಆಮೇಲೆ ಉಂಗುರದ್ದು, ಆಮೇಲೆ